ಹದಿನಾಲ್ಕನೆಯ ಕಂತು

ಮಂಡ್ಯ
13 ಜನವರಿ 1979

ಚಿ. ಶ್ರೀಮತಿಗೆ,

ನಿನ್ನ ಕಾದಂಬರಿಯ ಮೊದಲ ಕಂತು ಅಚ್ಚಾಗಿ ಬಂದಿದೆ. ವಾರಪತ್ರಿಕೆಯ ನಾಳೆಯ ತಾರೀಖಿನ ಸಂಚಿಕೆ, ಇಪ್ಪತ್ತೆರಡನೆಯ ಪುಟ, ನಿನ್ನ ಫೋಟೋ ಸಹಿತ. ಈ ಸುದ್ದಿ ನನಗೆ ಕೊಟ್ಟವನು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಕೆಂಪಸಿದ್ದಯ್ಯ. ನಾನು ಎಂದಿನಂತೆ ಮಂಡ್ಯದ ವರದಿಯ ಲಕೋಟೆಯನ್ನು ಮೈಸೂರು ಬಸ್ಸಿಗೆ ಕೊಡಲು ಹೋಗಿದ್ದೆ. ಅವನು ದೂರದಿಂದಲೇ ಕೂಗಿದ.

"ಏನ್ ಸ್ವಾಮಿ, ನೀವು ಅಷ್ಟ್ ವರ್ಸದಿಂದ ಪೇಪರ್‌ಗೆ ಬರೀತಾನೇ ಇದ್ದೀರಿ. ಒಂದ್ ದಿನಾರ ನಿಮ್ ಪಟ ಆಕವ್ರಾ? ನಿಮ್ ತಂಗಿ ಮಗ್ಳುದು ನೋಡಿ, ಎಂಗ್ ಆಕವ್ರೆ!"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಅಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ತೆಗೆದುಕೊಂಡು ಬಂದೆ.

ಪರಿಚಯದಲ್ಲಿ ಒಂದು ತಪ್ಪಿದೆ. ನೀನು ಕೀನ್ಯಾದಿಂದ ಬಂದವಳು ಎಂದು ಹಾಕಿದ್ದಾರೆ. ಉಗಾಂಡ ಎಂದು ತಿದ್ದುವಂತೆ ಸಂಪಾದಕರಿಗೆ ಇವತ್ತೇ ಕಾರ್ಡು ಬರೆದೆ. ಉಳಿದದ್ದು ಸರಿಯಾಗಿದೆ. ನಿಮ್ಮಪ್ಪ ರಾಮಾನುಜ ಸಕ್ಕರೆ ಕಾರ್ಖಾನೆಯ ಕೆಮಿಸ್ಟರಾಗಿ 1961ರಲ್ಲಿ ಅಲ್ಲಿಗೆ ಹೋದದ್ದು, ಆಗ ನಿನಗೆ ನಾಲ್ಕು ವರ್ಷ. 1972ರಲ್ಲಿ ಅಲ್ಲಿನ ಸರ್ಕಾರ ಭಾರತೀಯರನ್ನೆಲ್ಲ ಹೊರಡಿಸಿದಾಗ ಹದಿನೈದು ವರ್ಷದ ನೀನು ಅಮ್ಮನ ಜೊತೆ ಮದ್ದೂರಿಗೆ ಬಂದದ್ದು. ಅಪ್ಪನನ್ನು ದಾರಿಯಲ್ಲಿ ಸೈನಿಕರು ಬಸ್ಸಿನಿಂದ ಇಳಿಸಿಕೊಂಡದ್ದು. ಅದರಾಚೆ ನಮಗೂ ಗೊತ್ತಿಲ್ಲವಾದ್ದರಿಂದ ಆ ಸಾಲನ್ನು ನಾನು ಮುಟ್ಟಲಿಲ್ಲ.

'ಎಂಟನೇ ಕ್ಲಾಸಿನ ದೊಡ್ಡ ಹುಡುಗಿ' ಎಂಬ ಹೆಸರು ಎಲ್ಲರಿಗೂ ಹಿಡಿಸಿದೆ. ನಿನ್ನನ್ನು ಆ ಶಾಲೆಗೆ ಸೇರಿಸಿದವನು ನಾನೇ. ಮನೆಯಲ್ಲಿ ನಮ್ಮ ಅಯ್ಯಂಗಾರ್ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಪೇಟೆಯಲ್ಲಿ ಸ್ವಾಹಿಲಿ ಆಡಿ ಬೆಳೆದ ನಿನಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಹನ್ನೆರಡು ಹದಿಮೂರರ ಹುಡುಗಿಯರ ನಡುವೆ ಕೊನೆಯ ಬೆಂಚಿನಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಕೂತಿದ್ದೆ. ಈಗ ಅದೇ ಕನ್ನಡದಲ್ಲಿ ನಿನ್ನ ಕಾದಂಬರಿ, ಹದಿನೆಂಟು ವಾರ. ನನ್ನ ವೃತ್ತಿಯಲ್ಲಿ ಹೊಗಳಿಕೆಯ ಮಾತು ಬರೆಯುವ ಅಭ್ಯಾಸ ಕಡಿಮೆ. ಇಷ್ಟನ್ನೇ ಹೊಗಳಿಕೆ ಎಂದು ತಿಳಿ.

ಮದ್ದೂರಿಗೆ ಅಮ್ಮನ ಪ್ರತಿಯನ್ನು ಬಸ್ ಕಂಡಕ್ಟರ ಕೈಯಲ್ಲಿ ಕಳಿಸಿದ್ದೇನೆ, ಮಳವಳ್ಳಿಗೆ ನಿನ್ನ ಗೋದತ್ತೆಯ ಪ್ರತಿಯನ್ನು ಅಂಚೆಯಲ್ಲಿ. ಪ್ರತಿ ವಾರವೂ ಹೀಗೇ ಕಳಿಸುತ್ತೇನೆ.

ಮಾಮ,
ಚಲುವನಾರಾಯಣ

*

ಮಾಟುಂಗಾ, ಬೊಂಬಾಯಿ
4 ಫೆಬ್ರವರಿ 1979

ಪೂಜ್ಯ ಮಾಮನಿಗೆ,

ನಿಮ್ಮ ಪತ್ರವನ್ನು ಹಾಸ್ಟೆಲಿನಲ್ಲಿ ಮೂರು ಜನಕ್ಕೆ ಓದಿ ಹೇಳಿದೆ. ಅವರಲ್ಲಿ ಕನ್ನಡ ಬರುವವರು ಒಬ್ಬರೂ ಇಲ್ಲ. ಕೆಂಪಸಿದ್ದಯ್ಯನ ಮಾತನ್ನು ಹಿಂದಿಗೆ ತರಲು ಹೋಗಿ ಸೋತೆ.

ನಾನಿರುವ ಹಡಗಿನ ಏಜೆಂಟರ ಆಫೀಸಿನಲ್ಲಿ ಮೊಂಬಾಸಾದಿಂದ ಬರುವ ಸ್ವಾಹಿಲಿ ಪತ್ರಗಳನ್ನು ಇಂಗ್ಲಿಷಿಗೆ ಇಳಿಸುವುದು ನನ್ನ ಕೆಲಸ. ನಮ್ಮ ಮ್ಯಾನೇಜರು ಕೇಳಿದರು: ಇಂಗ್ಲಿಷು ಇಷ್ಟು ಚೆನ್ನಾಗಿ ಬರುವಾಗ ಕಲಿತು ಆರು ವರ್ಷವಾದ ಭಾಷೆಯಲ್ಲಿ ಯಾಕೆ ಬರೆದೆ? ಇಂಗ್ಲಿಷಿನಲ್ಲಿ ಬರೆದಿದ್ದರೆ ನಮ್ಮಮ್ಮ ಓದುತ್ತಿರಲಿಲ್ಲ ಎಂದೆ. ಹೇಳಿದ ಮೇಲೆ, ಅಮ್ಮ ಓದುತ್ತಾಳಲ್ಲ ಎಂದು ಭಯವಾಯಿತು.

ಮೈಸೂರಿನ ಪ್ರಕಾಶಕರು ಪುಸ್ತಕ ಮಾಡಲು ಒಪ್ಪಿದ್ದಾರೆ. ಧಾರಾವಾಹಿ ಮೇ ತಿಂಗಳಲ್ಲಿ ಮುಗಿಯುತ್ತದೆ, ಅಚ್ಚಿನ ಕೆಲಸ ಆಗಲೇ ಶುರು ಮಾಡುತ್ತಾರೆ.

ಒಂದು ವಿನಂತಿ. ಏಪ್ರಿಲ್ ತಿಂಗಳ ಸಂಚಿಕೆಗಳನ್ನು ಅಮ್ಮನಿಗೆ ಕಳಿಸುವ ಮೊದಲು ನೀವು ಓದಿ.

ಶ್ರೀಮತಿ

*

ಮಂಡ್ಯ
11 ಮಾರ್ಚ್ 1979

ಚಿ. ಶ್ರೀಮತಿಗೆ,

ಮದ್ದೂರಿನಲ್ಲಿ ನಿನ್ನ ಕಾದಂಬರಿಯನ್ನು ಈಗ ಜಗಲಿಯ ಮೇಲೆ ಗಟ್ಟಿಯಾಗಿ ಓದಲಾಗುತ್ತಿದೆ. ಇದನ್ನು ನಾನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ನಿಮ್ಮಮ್ಮ ಶಾಲೆಯಲ್ಲಿ ಹೊಲಿಗೆ ಕ್ಲಾಸು ಮುಗಿಸಿ ಬಂದು, ಕಾಲು ತೊಳೆದು, ಕನ್ನಡಕ ಹಾಕಿಕೊಂಡು ಕೂತರೆ ಬೀದಿಯ ಹೆಂಗಸರೆಲ್ಲ ಸೇರುತ್ತಾರೆ. ಹಾಲಿನ ಮಂಚಮ್ಮ ಎಲ್ಲರಿಗಿಂತ ಮುಂದೆ.

ಮೊನ್ನೆ ಓದಿದ್ದು ಹಾಜರಿಯ ಪ್ರಸಂಗ. ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ "ಪ್ರೆಸೆಂಟ್, ಸರ್" ಎನ್ನುತ್ತಾಳೆ, ಕ್ಲಾಸೆಲ್ಲ ನಗುತ್ತದೆ. ಮಂಚಮ್ಮ ಹಾಲಿನ ಪಾತ್ರೆಯನ್ನು ಕುಕ್ಕಿದಳು.

"ಅಲ್ಲ ಕಣವ್ವ, ಆ ಮುಂಡೇವ್ಕೆ ನಗಕ್ಕೆ ಬೇರೆ ಏನೂ ಸಿಗ್ನಿಲ್ವಾ? ನಾ ಇದ್ದಿದ್ರೆ ಕೆನ್ನೆಗ್ ಒಂದ್ ಬುಡ್ತಿದ್ದೆ!"

"ಮಂಚಮ್ಮ, ಇದು ಕಥೆ," ಎಂದಳು ನಿಮ್ಮಮ್ಮ.

"ಕತೆ ಆದ್ರೇನವ್ವ, ಕೂಸು ಅತ್ತಿದ್ದು ಸುಳ್ಳಾ?"

ನಿಮ್ಮಮ್ಮ ಮುಂದಿನ ಸಾಲು ಓದಿದಳು. ಅವಳ ಮುಖ ನೋಡಬೇಕಿತ್ತು ನೀನು.

ಮಳವಳ್ಳಿಯ ಗೋದತ್ತೆಯಂತೂ ದೇವಸ್ಥಾನಕ್ಕೆ ಹೋಗುವಾಗಲೂ ಸಂಚಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡಿರುತ್ತಾರಂತೆ. "ನನ್ನ ತಮ್ಮನ ಮಗಳು" ಎಂದು ಅರ್ಚಕರಿಗೆ ತೋರಿಸಿ, ಅವರು ಓದಲು ಕೈ ಚಾಚಿದರೆ ಕೊಡುವುದಿಲ್ಲವಂತೆ.

ಏಪ್ರಿಲ್ ಸಂಚಿಕೆಗಳ ವಿಷಯ ಬರೆದಿದ್ದೆ. ನೀನು ಹೆದರಿದ್ದು ಹೆಡ್‌ಮಾಸ್ಟರ ಪಾತ್ರಕ್ಕೆ ಎಂದು ನನ್ನ ಊಹೆ. ಅವರು ಈವರೆಗಿನ ಕಂತುಗಳನ್ನು ಓದಿದ್ದಾರೆ, ಬೇಸರವಿಲ್ಲ, ತಮ್ಮ ಛತ್ರಿಯ ವರ್ಣನೆ ಸರಿಯಾಗಿದೆ ಎಂದರು. ಚಿಂತೆ ಬೇಡ.

ಮಾಮ

*

ಮಂಡ್ಯ
17 ಏಪ್ರಿಲ್ 1979

ಶ್ರೀಮತಿಗೆ,

ಉಗಾಂಡದ ರಾಜಧಾನಿ ಕಂಪಾಲಾ ಬಿದ್ದಿದೆ, ನಿಮ್ಮನ್ನು ಹೊರಡಿಸಿದ ಸರ್ಕಾರ ಹೋಯಿತು. ಬುಧವಾರ 11ನೇ ತಾರೀಖು. ಆಕಾಶವಾಣಿ ಹೇಳಿತು, ಮರುದಿನದ ಪತ್ರಿಕೆಗಳಲ್ಲೂ ಬಂತು. ಸೆರೆಮನೆಗಳ ಬಾಗಿಲು ತೆರೆದಿದ್ದಾರೆ, ಬದುಕಿ ಉಳಿದವರು ಹೊರಗೆ ಬರುತ್ತಿದ್ದಾರೆ ಎಂದೂ ವರದಿ ಇದೆ.

ಅದೇ ವಾರ ನಿನ್ನ ಹದಿನಾಲ್ಕನೆಯ ಕಂತು ಬಂತು. ವಿಮಾನ ನಿಲ್ದಾಣಕ್ಕೆ ಹೊರಟ ಬಸ್ಸು, ಕಾವಲುಗಟ್ಟೆ, ಅಪ್ಪನನ್ನು ಕೆಳಗಿಳಿಸುವ ಸೈನಿಕರು, ಮಗಳ ಮುಖಕ್ಕೆ ಸೆರಗು ಒತ್ತಿ ಹಿಡಿಯುವ ತಾಯಿ, ಅಪ್ಪನ ಕೂಗು, ಎರಡು ಗುಂಡಿನ ಸದ್ದು, ಹೊರಡುವ ಬಸ್ಸು. ನಾನು ಎರಡು ಸಲ ಓದಿದೆ.

ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ನಾನು ಓದುವ ಮೊದಲೇ ಅಂಚೆಗೆ ಹಾಕಿಬಿಟ್ಟಿದ್ದ ಪ್ರತಿ ಶನಿವಾರ ಮಳವಳ್ಳಿಗೆ ಮುಟ್ಟಿತು. ಗೋದತ್ತೆ ಒಲೆಯ ಮುಂದೆ ಕೂತು ಓದಿದರು. ಓದಿ ಮುಗಿಸಿ, ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಒಡಹುಟ್ಟಿದವನ ಸಾವಿನ ಸುದ್ದಿ ಕೇಳಿದರೆ ಮಾಡುವ ಸ್ನಾನ. ಹೊಸ್ತಿಲ ರಂಗೋಲಿಯನ್ನೂ ಅಳಿಸಿದರು. ಮಗಳು ಪತ್ರಿಕೆಯಲ್ಲಿ ಬರೆದಿದ್ದಾಳೆ ಎಂದಮೇಲೆ ಅವರ ಪಾಲಿಗೆ ಅದು ಸುದ್ದಿಯೇ.

ಭಾನುವಾರ ಅವರ ಮಗ ಕಸ್ತೂರಿರಂಗ ಸೆರೆಮನೆಗಳ ವರದಿಯನ್ನು ಓದಿ ಹೇಳಿದ. ನಿನ್ನೆ ಮೊದಲ ಬಸ್ಸಿಗೆ ಇಲ್ಲಿಗೆ ಬಂದರು. ಅವರು ನಮ್ಮ ಮನೆಮಾತಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಬದುಕಿರೋ ತಮ್ಮನಿಗೆ ಸ್ನಾನ ಮಾಡಿಬಿಟ್ಟೆನಲ್ಲೋ ಚಲುವಾ! ಅವನು ಅಲ್ಲಿ ಬಾಗಿಲು ದಾಟಿ ಬರೋ ಹೊತ್ತಿಗೆ ನಾನು ಇಲ್ಲಿ ತಲೆಗೆ ನೀರು ಹುಯ್ದುಕೊಂಡೆನಲ್ಲೋ! ಇವಳು ಬರೆದಳು, ನಾನು ನಂಬಿದೆ. ಕಥೆ ಬರೆಯೋದಕ್ಕೆ ಇವಳಿಗೆ ಇನ್ಯಾರ ಅಪ್ಪನೂ ಸಿಗಲಿಲ್ಲವಾ?"

ಮಧ್ಯಾಹ್ನದ ಬಸ್ಸಿಗೆ ನಾನೇ ಅವರನ್ನು ಹತ್ತಿಸಿ ಬಂದೆ.

ನಿಮ್ಮಮ್ಮ ಇದನ್ನು ಓದಿಲ್ಲ. ಈ ವಾರದ ಪ್ರತಿಯನ್ನು ನಾನು ಕಳಿಸಲಿಲ್ಲ. ಸಂಚಿಕೆ ಬಂದಿಲ್ಲ ಎಂದು ಕಂಡಕ್ಟರ ಬಾಯಲ್ಲಿ ಹೇಳಿಸಿದೆ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯುವುದು ನಮ್ಮಲ್ಲಿರುವ ಪದ್ಧತಿ. ಆರೂವರೆ ವರ್ಷದಿಂದ ಅವಳು ಹಣೆಗೆ ಕುಂಕುಮವಿಟ್ಟು ಕಾಯುತ್ತಿದ್ದಾಳೆ. ಈಗ ಇಷ್ಟು ಆಸೆ ಹುಟ್ಟಿರುವ ಹೊತ್ತಿನಲ್ಲಿ ಸ್ವಂತ ಮಗಳ ಕೈಯಿಂದ ಇದು ಅವಳಿಗೆ ಬೇಡ.

ಪುಸ್ತಕದಲ್ಲಿ ಆ ಕಂತು ಇರಬಾರದು. ಅಪ್ಪ ಏನಾದರೋ ತಿಳಿಯಲಿಲ್ಲ ಎಂದಿದ್ದರೆ ಸಾಕು. ನಮಗೆ ಗೊತ್ತಿರುವುದೂ ಅಷ್ಟೇ. ದೆಹಲಿಗೆ, ವಿದೇಶಾಂಗ ಖಾತೆಗೆ ನಿಮ್ಮಪ್ಪನ ಹೆಸರು, ವಯಸ್ಸು, ಇಳಿಸಿಕೊಂಡ ಜಾಗ ಬರೆದು ಕಳಿಸಿದ್ದೇನೆ.

ಚಲುವನಾರಾಯಣ

*

ಬೊಂಬಾಯಿ
27 ಏಪ್ರಿಲ್ 1979

ಪೂಜ್ಯ ಮಾಮನಿಗೆ,

ಮೊದಲು ನೀವು ಓದಿ ಎಂದು ಫೆಬ್ರವರಿಯಲ್ಲೇ ಬರೆದಿದ್ದೆ. ಯಾಕೆ ಎಂದು ಬರೆಯಲಿಲ್ಲ.

ನನಗೆ ಗೊತ್ತಿರುವುದು ಇಷ್ಟು. ಅಮ್ಮನ ಸೆರಗು ನನ್ನ ಮುಖದ ಮೇಲಿತ್ತು, ಅವಳ ಕೈ ನನ್ನ ತಲೆಯ ಮೇಲೆ ಭಾರವಾಗಿತ್ತು. ಎರಡು ಸದ್ದು ಕೇಳಿತು, ಒಂದರ ಹಿಂದೆ ಒಂದು. ಬಸ್ಸು ಹೊರಟಿತು. ಅಮ್ಮ ಕೈ ತೆಗೆದಾಗ ರಸ್ತೆಯ ಎರಡೂ ಕಡೆ ಕಬ್ಬಿನ ಗದ್ದೆ ಬಿಟ್ಟು ಏನೂ ಇರಲಿಲ್ಲ. ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಅಪ್ಪನ ಕೂಗು ನನ್ನ ಕಲ್ಪನೆ. ಕೂಗದೆ ಒಬ್ಬ ಮನುಷ್ಯ ಹಾಗೆ ಹೋಗಬಲ್ಲ ಎಂದು ನನಗೆ ತೋಚಲಿಲ್ಲ.

ಮದ್ದೂರಿನಲ್ಲಿ ಅಮ್ಮ ದಿನವೂ ಕನ್ನಡಿಯ ಮುಂದೆ ನಿಂತು ಕುಂಕುಮ ಇಡುವುದನ್ನು ನೋಡುತ್ತಾ ಓದಿದವಳು ನಾನು. ಅವಳು ಕಾಯುತ್ತಿದ್ದಾಳೆ ಎಂದಮೇಲೆ ನಾನೂ ಕಾಯಬೇಕಿತ್ತು. ಕಾದಂಬರಿಯ ಹುಡುಗಿಯನ್ನು ಮಾತ್ರ ಕಾಯಿಸಲು ನನಗೆ ಮನಸ್ಸಾಗಲಿಲ್ಲ.

ಅತ್ತೆಗೆ ಹೇಳಿ, ಈ ಎರಡು ವಾರಗಳಿಂದ ಆಫೀಸಿಗೆ ಬರುವ ಮೊಂಬಾಸಾ ಪತ್ರಿಕೆಗಳಲ್ಲಿ ಬಿಡುಗಡೆಯಾದವರ ಹೆಸರುಗಳನ್ನು ನಾನೂ ಹುಡುಕುತ್ತಿದ್ದೇನೆ.

ಆ ಕಂತು ತೆಗೆದರೆ ಮುಂದಿನ ನಾಲ್ಕು ಕಂತುಗಳು ನಿಲ್ಲುವುದಿಲ್ಲ. ಹುಡುಗಿ ಹಠ ಹಿಡಿದು ಅಕ್ಷರ ಕಲಿತದ್ದು ಯಾಕೆ ಎಂದು ಓದುವವರಿಗೆ ತಿಳಿಯುವುದಿಲ್ಲ. ಆದರೂ ತೆಗೆಯುತ್ತೇನೆ. ಆ ಭಾಗದ ಅಚ್ಚು ತಡೆಯಿರಿ ಎಂದು ಮೈಸೂರಿಗೆ ಬರೆದಿದ್ದೇನೆ.

ಶ್ರೀಮತಿ

*

ಬೊಂಬಾಯಿ
9 ಮೇ 1979

ಮಾಮ,

ನಿಮ್ಮಿಂದ ಪತ್ರವಿಲ್ಲ. ಪ್ರಕಾಶಕರು ಈ ವಾರದ ಕೊನೆಯವರೆಗೆ ಕಾಯುತ್ತಾರಂತೆ. ಆ ಜಾಗಕ್ಕೆ ಬೇರೆ ಎರಡು ಪುಟ ಬರೆದೆ. ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಅವನ್ನೇ ಕಳಿಸಲೇ?

ಶ್ರೀಮತಿ

*

ಮಂಡ್ಯ
12 ಮೇ 1979

ಚಿ. ಶ್ರೀಮತಿಗೆ,

ಹದಿನಾಲ್ಕನೆಯ ಕಂತು ಪುಸ್ತಕದಲ್ಲಿ ಇರುತ್ತದೆ. ಹೀಗೆಂದು ಹೇಳಿದವಳು ನಿಮ್ಮಮ್ಮ. ಪ್ರಕಾಶಕರಿಗೆ ನಿನ್ನೆ ನಾನೇ ತಂತಿ ಕೊಟ್ಟಿದ್ದೇನೆ. ಬೇರೆ ಎರಡು ಪುಟ ಕಳಿಸಬೇಡ.

ಕಳೆದ ಭಾನುವಾರ ಮದ್ದೂರಿಗೆ ಹೋದೆ. ಅವಳಿಗೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಗಿಲಲ್ಲೇ ಮಂಚಮ್ಮ ಸಿಕ್ಕಳು.

"ಏನ್ ಸ್ವಾಮಿ, ಇಷ್ಟ್ ದಿನ ಆದ್ಮೇಲ್ ಬಂದ್ರಾ? ಆ ಬಸ್ಸಿಂದು ಓದಿದ್ ದಿನ ಬರ್ಬೇಕಿತ್ತು ನೀವು."

"ಯಾವ ಬಸ್ಸು?"

"ಅದೇ, ಆ ಕೂಸಿನಪ್ಪನ್ನ ಇಳುಸ್ಕಂಡ್ರಲ್ಲ. ನಾವೆಲ್ಲ ಬಾಯಿಗ್ ಸೆರಗು ಇಟ್ಕಂಡು ಅಳ್ತಾ ಕುಂತಿದ್ವಿ. ನಿಮ್ ತಂಗಿಯವ್ರು ಒಂದಕ್ಸರ ಬುಡ್ನಿಲ್ಲ ಕಣ್ ಸ್ವಾಮಿ. ಕೊನೇಗಂಟ ಓದಿ, ಪೇಪರ್ ಮಡಚಿ, ಓಗಿ ಅನ್ನಕ್ಕಿಟ್ರು."

ಅವಳು ಸಂಚಿಕೆಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ತಾನೇ ಕೊಂಡಿದ್ದಳು. ನಾನು ಕಂಡಕ್ಟರ ಕೈಯಲ್ಲಿ ಸುಳ್ಳು ಹೇಳಿಸಿದ ದಿನವೇ ಜಗಲಿಯಲ್ಲಿ ಓದಿ ಮುಗಿಸಿದ್ದಳು.

ಒಳಗೆ ಹೋದೆ. ಹೊಲಿಗೆ ಯಂತ್ರದ ಮುಂದಿದ್ದಳು, ಕಾಲು ನಿಲ್ಲಿಸಲಿಲ್ಲ. ಅವಳು ಹೇಳಿದ್ದನ್ನು ಕೂಡಿಸದೆ, ಕಳೆಯದೆ ಬರೆಯುತ್ತಿದ್ದೇನೆ.

"ಚೆನ್ನಾಗಿ ಬರೆದಿದ್ದಾಳೆ ಅಣ್ಣಾ. ಒಂದು ಕಡೆ ತಪ್ಪಿದ್ದಾಳೆ. ಅವರು ಕೂಗಲಿಲ್ಲ."

ನಾನು ಕೂತುಕೊಂಡೆ.

"ಅವಳು ಕೇಳಿದ್ದು ಗುಂಡಿನ ಸದ್ದೂ ಅಲ್ಲ. ಅವರು ಇಳಿದರು. ಡ್ರೈವರಿಗೆ ಕೈಕಾಲು ಆಡುತ್ತಿರಲಿಲ್ಲ, ಬಸ್ಸು ನಿಂತೇ ಇತ್ತು. ಒಬ್ಬ ಸಿಪಾಯಿ ಇನ್ನೂ ಕೆಲವರನ್ನು ಇಳಿಸೋದಕ್ಕೆ ಅಂತ ಬಾಗಿಲ ಕಡೆ ತಿರುಗಿದ. ಆಗ ಇವರು ಅಂಗೈಯಿಂದ ಬಸ್ಸಿನ ಮೈಗೆ ಎರಡು ಏಟು ಬಡಿದರು, ನಮ್ಮ ಮಂಡ್ಯದ ಕಂಡಕ್ಟರುಗಳು ರೈಟ್ ಅಂತ ಬಡಿಯೋ ಹಾಗೆ. ಡ್ರೈವರು ಮಳವಳ್ಳಿ ಕಡೆಯೋನು, ಇವರೇ ಕಾರ್ಖಾನೆಗೆ ಕರೆಸಿಕೊಂಡಿದ್ದವನು. ಆ ಸದ್ದಿಗೆ ಅವನ ಕಾಲು ತಾನಾಗೇ ಪೆಡಲಿನ ಮೇಲೆ ಹೋಯಿತು. ಬಸ್ಸು ಹೊರಟುಬಿಟ್ಟಿತು. ತುಂಬಿದ ಬಸ್ಸು ಅಣ್ಣಾ, ಎಷ್ಟೊಂದು ಮಕ್ಕಳು."

"ಆಮೇಲೆ?"

"ಹಿಂದಿನ ಗಾಜಿನಲ್ಲಿ ಕಂಡಿತು. ಗುಂಡು ಹೊಡೆದದ್ದು ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬಿದ್ದರು. ಏಳಲಿಲ್ಲ. ಸೆರಗು ಅವಳ ಮುಖದ ಮೇಲಿತ್ತು, ನನ್ನ ಮುಖದ ಮೇಲೆ ಇರಲಿಲ್ಲವಲ್ಲ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಂತ್ರದ ಕಾಲು ಆಗ ನಿಂತಿತು.

"ಎಂಟನೇ ಕ್ಲಾಸು ಪಾಸಾಗಲಿ ಅಂತಿದ್ದೆ. ಅಪ್ಪ ಬಂದಮೇಲೆ ಕನ್ನಡ ಓದಿ ತೋರಿಸ್ತೀನಿ ಅಂತ ತಾನೇ ಅವಳು ಅಕ್ಷರ ತಿದ್ದುತಿದ್ದದ್ದು? ಹೇಗೆ ಹೇಳಲಿ? ಆಮೇಲೆ ಎಸ್ಸೆಸ್ಸೆಲ್ಸಿ ಆಗಲಿ ಅಂದುಕೊಂಡೆ. ಆಮೇಲೆ ಕೆಲಸ ಸಿಗಲಿ ಅಂದುಕೊಂಡೆ. ನಾನು ಹಣೆ ಬರಿದು ಮಾಡಿಕೊಂಡು ನಿಂತರೆ ಅವಳಿಗೆ ಗೊತ್ತಾಗಿಬಿಡ್ತಿತ್ತು, ಇಟ್ಟುಕೊಂಡೇ ಇದ್ದೆ. ಈಗ ಅವಳೇ ಬರೆದುಬಿಟ್ಟಿದ್ದಾಳೆ. ತೆಗೀಬೇಡ ಅಂತ ಬರಿ. ತಿದ್ದು ಅಂತ ಬರಿ. ಅವರು ಹೆದರಿ ಕೂಗಿದರು ಅಂತ ಅಚ್ಚಾಗಬಾರದು."

ಇಲ್ಲಿಗೆ ಅವಳ ಮಾತು ಮುಗಿಯಿತು. ದೆಹಲಿಗೆ ಬರೆದಿದ್ದನ್ನು ಹಿಂತೆಗೆದುಕೊಂಡು ಬರೆದಿದ್ದೇನೆ. ನನ್ನ ಕೆಲಸದಲ್ಲಿ ಎಷ್ಟೋ ಜನರ ಸಾವು ವರದಿ ಮಾಡಿದ್ದೇನೆ. ರಾಮಾನುಜನದನ್ನು ಬರೆಯುವಾಗ ತಲೆ ಎತ್ತಿಯೇ ಬರೆದೆ.

ಮಾಮ

*

ಬೊಂಬಾಯಿ
20 ಮೇ 1979

ಪೂಜ್ಯ ಮಾಮನಿಗೆ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಆಫೀಸಿಗೆ ಹೋಗಲಿಲ್ಲ.

ತಿದ್ದಿದ ಭಾಗವನ್ನು ಮೈಸೂರಿಗೆ ಕಳಿಸಿದ್ದೇನೆ. ಅಮ್ಮನಿಗೆ ಓದಿ ಹೇಳಿ, ತಪ್ಪಿದ್ದರೆ ತಂತಿ ಕೊಡಿ:

'ಸೆರಗಿನ ಒಳಗೆ ಅವಳಿಗೆ ಎರಡು ಸದ್ದು ಕೇಳಿತು. ಗುಂಡು ಎಂದುಕೊಂಡಳು. ಬಹಳ ವರ್ಷ ಹಾಗೆಯೇ ಎಂದುಕೊಂಡಿದ್ದಳು. ಅದು ಅಪ್ಪನ ಅಂಗೈ. ಬಸ್ಸಿನಲ್ಲಿದ್ದವರನ್ನೆಲ್ಲ ಅವನು ಕಳಿಸಿಕೊಟ್ಟ. ಕೂಗಲಿಲ್ಲ.'

ಇಷ್ಟೇ. ಉದ್ದ ಮಾಡಲು ಹೋಗಿ ನಾಲ್ಕು ಸಲ ಹೊಡೆದುಹಾಕಿದೆ.

ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಇಷ್ಟು ದಿನ ಇದ್ದದ್ದು ಒಂದೇ ಉತ್ತರ, ಕಾಣೆಯಾಗಿದ್ದಾರೆ ಎಂದು. ಹೇಳುವಾಗ ಧ್ವನಿ ತಗ್ಗುತ್ತಿತ್ತು. ಮೊನ್ನೆ ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿ ಕೇಳಿದಳು. ಪೂರ್ತಿ ಹೇಳಿದೆ. ಪಕ್ಕದ ಕೋಣೆಯವರೂ ಬಂದು ಕೇಳಿದರು.

ಅಮ್ಮನ ಮೇಲೆ ಸಿಟ್ಟೂ ಬಂತು. ಅದನ್ನು ಊರಿಗೆ ಬಂದು ಅವಳಿಗೇ ಹೇಳುತ್ತೇನೆ, ಅವಳಿಗೂ ನನ್ನ ಮೇಲೆ ಇದ್ದೇ ಇರುತ್ತದೆ.

ಪುಸ್ತಕದ ಮೊದಲ ಪ್ರತಿಯನ್ನು ವೇದಿಕೆಯ ಮೇಲೆ ಅವಳು ತೆಗೆದುಕೊಳ್ಳಬೇಕು ಎಂದು ನನ್ನ ಆಸೆ. ಅಪ್ಪನ ಅಪರಕಾರ್ಯ ಮಾಡಿಸಿದ ಮೇಲೆ ವರ್ಷ ತುಂಬುವ ತನಕ ನಮ್ಮಲ್ಲಿ ಹೆಂಗಸರನ್ನು ಸಭೆಗೆ ಬಿಡುವುದಿಲ್ಲ ಎಂದು ಗೊತ್ತು. ಅವಳು ಬರುತ್ತಾಳೆಯೇ? ನೀವೇ ಕೇಳಿ.

ಶ್ರೀಮತಿ

*

ಮಂಡ್ಯ
4 ಜೂನ್ 1979

ಚಿ. ಶ್ರೀಮತಿಗೆ,

ಪುಸ್ತಕದ ಅಚ್ಚು ಮುಗಿದಿದೆ. ಶನಿವಾರ ಪ್ರಕಾಶಕರೇ ಪತ್ರ ಬರೆದು ತಿಳಿಸಿದ್ದಾರೆ. ತಿದ್ದಿದ ಭಾಗ 131ನೆಯ ಪುಟದಲ್ಲಿದೆ. ಅಮ್ಮನಿಗೆ ಮೊದಲೇ ಓದಿ ಹೇಳಿದ್ದೆ. "ಸರಿಯಾಗಿದೆ" ಎಂದಳು. ಇನ್ನೊಂದು ಸಲ ಓದಿಸಿಕೊಂಡಳು.

ನೀನು ಕೇಳಿದ್ದಕ್ಕೆ ಉತ್ತರ ನಿನ್ನೆ ಮದ್ದೂರಿನಲ್ಲಿ ಸಿಕ್ಕಿತು. ಗೋದತ್ತೆ, ಕಸ್ತೂರಿರಂಗ ಬಂದಿದ್ದರು. ಕಾರ್ಯದ ದಿನ ಗೊತ್ತು ಮಾಡಲು ಕೂತಿದ್ದೆವು. ಸ್ನಾನದ ವಿಷಯ ಅತ್ತೆಯೇ ಎತ್ತಿದರು. "ತಡವಾಗಿಯಾದರೂ ನಾನು ಮಾಡಿದ್ದು ಸರಿಯೇ ಆಯಿತು ನೋಡು," ಎಂದು ಒಂದಿಷ್ಟು ಅತ್ತರು. ಆಮೇಲೆ ನಾನು ವೇದಿಕೆಯ ಮಾತು ತೆಗೆದೆ. ಅವರ ಕಣ್ಣೀರು ಅಲ್ಲಿಗೇ ನಿಂತಿತು.

"ಎಲ್ಲಾದರೂ ಉಂಟಾ? ಕಾರ್ಯ ಆಗಿ ಎರಡೇ ವಾರಕ್ಕೆ, ಸಭೆಯಲ್ಲಿ ಹೋಗಿ ಕೂರೋದಾ? ವರ್ಷ ತುಂಬಬೇಡವಾ ಪಂಕಜ?"

"ತುಂಬಿದೆಯಲ್ಲ ಅಕ್ಕ," ಎಂದಳು ನಿಮ್ಮಮ್ಮ. "ಆರು ಸಲ ತುಂಬಿದೆ. ಒಂದೊಂದು ವರ್ಷವನ್ನೂ ನಾನು ಒಬ್ಬಳೇ ಲೆಕ್ಕ ಇಟ್ಟಿದ್ದೀನಿ. ಇನ್ನೊಂದಕ್ಕೆ ನನ್ನನ್ನ ಕೂರಿಸಬೇಡಿ."

ಕಸ್ತೂರಿರಂಗ ಪಂಚಾಂಗದ ಹಾಳೆ ತಿರುವುತ್ತಾ ಕೂತ. ಕಾಫಿ ತಣ್ಣಗಾಯಿತು. ಅತ್ತೆ ತಣ್ಣಗಾದದ್ದನ್ನೇ ಕುಡಿದು ಲೋಟ ಕೆಳಗಿಟ್ಟರು.

"ಹಾಗಾದರೆ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸೋ ಚಲುವಾ. ಅವನು ನನ್ನ ತಮ್ಮ. ಹಿಂದೆ ಕೂತು ನೋಡೋದಕ್ಕೆ ನಾನೇನು ಪರಸ್ಥಳದವಳಾ?"

ಕುರ್ಚಿ ಹಾಕಿಸುತ್ತೇನೆ ಎಂದೆ. ಕುಂಕುಮದ ವಿಷಯ ನಿಮ್ಮಮ್ಮ ಏನೂ ಹೇಳಿಲ್ಲ. ಯಾರೂ ಕೇಳಲಿಲ್ಲ.

ಕಾರ್ಯ ಜೂನ್ 24, ಭಾನುವಾರ, ಅಮಾವಾಸ್ಯೆ, ಬೆಳಿಗ್ಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಕಸ್ತೂರಿರಂಗ ಮಾಡುತ್ತಾನೆ. ನೀನು 22ರ ಒಳಗೆ ಬಂದು ಸೇರಬೇಕು. ಪುಸ್ತಕದ ಬಿಡುಗಡೆ ಜುಲೈ 8, ಭಾನುವಾರ, ಹತ್ತೂವರೆಗೆ, ಮದ್ದೂರಿನ ನಿನ್ನ ಶಾಲೆಯ ಸಭಾಂಗಣದಲ್ಲಿ. ಅಧ್ಯಕ್ಷತೆ ಹೆಡ್‌ಮಾಸ್ಟರದು. ಮೊದಲ ಪ್ರತಿಯನ್ನು ಶ್ರೀಮತಿ ಪಂಕಜಮ್ಮ ರಾಮಾನುಜ ಅವರು ಸ್ವೀಕರಿಸುತ್ತಾರೆ.

ಮಾಮ,
ಚಲುವನಾರಾಯಣ